ಪಾಲಿಸಿಯಲ್ಲಿ ಆರು ಜನ, ಕಂಬದ ಬಳಿ ಏಳು ಜನ

ನೌಕರರ ಪರಿಹಾರ ವಿಮೆಯ ಪ್ರತಿಯನ್ನು ಕೆಲಸ ಆರಂಭಿಸುವ ಮುನ್ನ ಸಲ್ಲಿಸತಕ್ಕದ್ದು ಎಂಬ ಸಾಲು ನಾವು ಹಾಕುವ ಹೆಚ್ಚಿನ ಟೆಂಡರ್ ಕಾಗದಗಳಲ್ಲಿ ಇದ್ದೇ ಇರುತ್ತದೆ. ಕೆಲಸದಲ್ಲಿ ಆಳಿಗೆ ಏಟಾದರೆ ಮಾಲೀಕ ಕೊಡಬೇಕಾದ ಪರಿಹಾರವನ್ನು ಹೊರುವ ವಿಮೆ ಅದು. ಒಂದನೆಯ ದರ್ಜೆಯ ಪರವಾನಗಿ ಪಡೆದು ವಿದ್ಯುತ್ ಗುತ್ತಿಗೆ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ನಾನು ಆ ಸಾಲನ್ನು, ಪ್ಯಾನ್ ಮತ್ತು ಜಿಎಸ್‌ಟಿ ಪ್ರಮಾಣಪತ್ರಗಳ ಜೊತೆಗೆ ಲಗತ್ತಿಸಬೇಕಾದ ಇನ್ನೊಂದು ಕಾಗದದ ವಿಷಯವೆಂದೇ ಓದಿಕೊಂಡಿದ್ದೆ. ಏಜೆಂಟರಿಗೆ ಫೋನ್ ಮಾಡಿ, ಅತಿ ಕಡಿಮೆ ಪ್ರೀಮಿಯಂ ಬರುವಂತೆ ಒಂದು ಪಾಲಿಸಿ ಮಾಡಿ ಕಳಿಸಿ ಎನ್ನುತ್ತಿದ್ದೆ. ಅವರು ಎಷ್ಟು ಜನ, ಎಷ್ಟು ಸಂಬಳ ಎಂದು ಕೇಳಿದರೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದೆ. ಆ ಸಂಖ್ಯೆ ಆರು. ಹಿಂದಿನ ವರ್ಷವೂ ಆರು, ಅದರ ಹಿಂದಿನ ವರ್ಷವೂ ಆರು.

2021ರ ಆಷಾಢದಲ್ಲಿ, ಲಾಕ್‌ಡೌನ್ ಸಡಿಲವಾಗಿ ಬಾಕಿ ಬಿದ್ದ ಕೆಲಸಗಳೆಲ್ಲ ಒಮ್ಮೆಗೇ ಮೈಮೇಲೆ ಬಿದ್ದಾಗ, ಊರಿಗೆ ಹೋದ ನನ್ನ ಹುಡುಗರಲ್ಲಿ ಅರ್ಧದಷ್ಟು ಜನ ಇನ್ನೂ ಮರಳಿರಲಿಲ್ಲ. ತೆಂಗಿನ ತೋಟಗಳ ನಡುವೆ 63 ಕೆವಿಎ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಹೊರಟ ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನಿಗೆ ಮೂರು ಕಂಬ ಸೇರಿಸಿ ಹೊಸ ಪಂಪ್‌ಸೆಟ್‌ಗೆ ಸಂಪರ್ಕ ಕೊಡುವ ಕೆಲಸವಿತ್ತು. ಪರಿಚಯದ ಇನ್ನೊಬ್ಬ ಗುತ್ತಿಗೆದಾರರ ತಂಡದಿಂದ ಇಪ್ಪತ್ತೈದು ವರ್ಷದ ಒಬ್ಬ ಹುಡುಗನನ್ನು ಎರಡು ದಿನದ ಮಟ್ಟಿಗೆಂದು ಕರೆದುಕೊಂಡು ಬಂದೆ. ದಿನಕ್ಕೆ 700 ರೂಪಾಯಿ, ಊಟ ನಮ್ಮದು. ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೆಲಸ ಮಾಡಲು ಅನುಮತಿ, ತೆಗೆದುಕೊಂಡಿದ್ದೆವು, ಟಿಸಿಯ ಕಡೆ ಸ್ವಿಚ್ ಬಿಚ್ಚಿ ಫ್ಯೂಸ್ ತೆಗೆದಿಟ್ಟಿದ್ದೆವು, ಟೆಸ್ಟರ್ ಹಿಡಿದು ನೋಡಿಯೂ ಆಗಿತ್ತು. ಲೈನಿನ ತಂತಿಗಳನ್ನು ಒಂದಕ್ಕೊಂದು ಕೂಡಿಸಿ ನೆಲಕ್ಕೆ ಕಟ್ಟುವ ಅರ್ಥಿಂಗ್ ಸರಪಳಿ ಮಾತ್ರ ಗಾಡಿಯ ಹಿಂಬದಿಯ ಸೀಟಿನ ಕೆಳಗೆ, ಹಗ್ಗದ ಸುರುಳಿಯ ಅಡಿಯಲ್ಲಿ ಹಾಗೆಯೇ ಇತ್ತು. ತಂತಿಗೆ ತಂತಿ ಜೋಡಿಸುವ ಅರ್ಧ ಗಂಟೆಯ ಜಂಪರ್ ಕೆಲಸಕ್ಕೆ ಅದೇಕೆ ಎಂದುಕೊಂಡೆವು.

ಕರೆಂಟ್ ಹೋಯಿತೆಂದು ಆಚೆ ತೋಟದ ಮನೆಯಲ್ಲಿ ಯಾರೋ ಜನರೇಟರ್ ಹಚ್ಚಿದರು. ಅದನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇರಲಿಲ್ಲ, ಮೇನ್ ಸ್ವಿಚ್ ಇಳಿಸುವ ಅಭ್ಯಾಸವೂ ಅವರಿಗಿರಲಿಲ್ಲ. ಅವರ ಮನೆಯ ಬಲ್ಬಿನ ಜೊತೆಗೆ ನಮ್ಮ ಲೈನಿಗೂ ಜೀವ ಬಂತು. ಕಂಬದ ಮೇಲಿದ್ದವನು ಆ ಎರಡು ದಿನದ ಹುಡುಗ. ಸೊಂಟಕ್ಕೆ ಬೆಲ್ಟ್ ಕಟ್ಟಿದ್ದರಿಂದ ಕೆಳಗೆ ಬೀಳಲಿಲ್ಲ, ಆದರೆ ತಂತಿ ಹಿಡಿದ ಬಲಗೈ ಬಿಡಿಸಿಕೊಳ್ಳಲಿಲ್ಲ. ಕೆಳಗಿನಿಂದ ಒಬ್ಬ ಒಣ ಬಿದಿರಿನ ಗಳುವಿನಿಂದ ತಂತಿಯನ್ನು ತಳ್ಳಿ ಬಿಡಿಸುವ ಹೊತ್ತಿಗೆ ಹೆಬ್ಬೆರಳಿನ ಬುಡ ಕಪ್ಪಗಾಗಿತ್ತು. ಜೀವ ಉಳಿಯಿತು; ಹನ್ನೊಂದನೆಯ ದಿನ ಹೆಬ್ಬೆರಳನ್ನು ತೆಗೆದರು.

ವಿದ್ಯುತ್ ಕಾಯ್ದೆ 2003ರ 161ನೆಯ ಸೆಕ್ಷನ್ ಪ್ರಕಾರ ಇಂಥ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು, ಲಿಖಿತ ವರದಿ 48 ಗಂಟೆಯೊಳಗೆ ಹೋಗಬೇಕು. ಅಷ್ಟನ್ನು ಮಾಡಿದ್ದೆವು. ಅವರು ಬಂದು ಸ್ಥಳ ನೋಡಿ ಬರೆದ ವರದಿಯಲ್ಲಿ ಜನರೇಟರಿನ ತಪ್ಪೂ ಇತ್ತು, ಅರ್ಥಿಂಗ್ ಮಾಡದ ನಮ್ಮ ತಪ್ಪೂ ಇತ್ತು, ವೈರ್‌ಮನ್ ಪರ್ಮಿಟ್ ಇಲ್ಲದ ಸಹಾಯಕನೊಬ್ಬ ಕಂಬದ ಮೇಲಿದ್ದನೆಂಬ ಸಾಲೂ ಇತ್ತು. ಮುಂದೆ ವಿಮೆಯ ಕಡತದಲ್ಲೂ ನ್ಯಾಯಾಲಯದಲ್ಲೂ ಎಲ್ಲರೂ ಮೊದಲು ತಿರುವಿ ಹಾಕಿದ್ದು ಈ ವರದಿಯನ್ನೇ.

ಆಮೇಲೆ ನಾನು ಮಾಡಿದ್ದು, ನಮ್ಮ ಕಡೆ ಎಲ್ಲ ಗುತ್ತಿಗೆದಾರರೂ ಮಾಡುವುದನ್ನು. ಆಸ್ಪತ್ರೆಯ ಬಿಲ್ಲು ಕಟ್ಟಿದೆ. ಹುಡುಗನ ಸೋದರಮಾವ, ಊರಿನ ಇಬ್ಬರು ಹಿರಿಯರು, ನಾನು, ನನ್ನ ಗೆಳೆಯರೊಬ್ಬರು ಅವರ ಮನೆಯ ಜಗುಲಿಯ ಮೇಲೆ ಕುಳಿತು ಒಂದೂವರೆ ಲಕ್ಷಕ್ಕೆ ಮಾತು ಮುಗಿಸಿದೆವು. ನೂರು ರೂಪಾಯಿಯ ಛಾಪಾಕಾಗದದ ಮೇಲೆ, ಇನ್ನು ಮುಂದೆ ಯಾವುದೇ ತಕರಾರು ಇರುವುದಿಲ್ಲವೆಂದು ಬರೆಸಿ, ಎರಡು ಕಡೆಯವರ ಸಾಕ್ಷಿ ಹಾಕಿಸಿ, ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ವಿಮಾ ಕಂಪನಿಗೆ ಒಂದು ಸಾಲನ್ನೂ ಬರೆಯಲಿಲ್ಲ. ಪಾಲಿಸಿಯಲ್ಲಿ ಅವನಿಲ್ಲ, ಬರೆದು ಏನು ಪ್ರಯೋಜನ ಎಂಬುದು ನನ್ನ ಲೆಕ್ಕವಾಗಿತ್ತು.

ಹತ್ತು ತಿಂಗಳ ನಂತರ, ಆ ಹುಡುಗ ಪರಿಹಾರ ಕೇಳಿ ಹಾಕಿದ ಅರ್ಜಿಯ ನೋಟಿಸ್ ಬಂತು. ಹೋಗಿ ಆ ಛಾಪಾಕಾಗದವನ್ನು ನನ್ನ ವಕೀಲರ ಮೇಜಿನ ಮೇಲೆ ಹೆಮ್ಮೆಯಿಂದಲೇ ಹರಡಿದೆ. ಅವರು ಅದನ್ನು ಪೂರ್ತಿ ಓದಲೂ ಇಲ್ಲ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಆ ಮಟ್ಟಿಗೆ ಶೂನ್ಯ. ರಾಜಿ ಮಾಡಿಕೊಳ್ಳಲೇಬಾರದೆಂದಲ್ಲ, ಮಾಡಿಕೊಂಡರೆ ಅದನ್ನು ಈ ಕಾಯ್ದೆಯ ಪ್ರಕರಣಗಳನ್ನು ವಿಚಾರಿಸುವ ಆಯುಕ್ತರ ಮುಂದೆ ನೋಂದಾಯಿಸಬೇಕು, ಮೊತ್ತ ಕಡಿಮೆಯೆನಿಸಿದರೆ ಅವರು ನೋಂದಣಿಯನ್ನು ನಿರಾಕರಿಸಬಹುದು. ನೋಂದಾಯಿಸದೆ ಕೈಯಿಂದ ಕೈಗೆ ಕೊಟ್ಟರೆ, 29ನೆಯ ಸೆಕ್ಷನ್ ಪ್ರಕಾರ, ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪರಿಹಾರದ ಲೆಕ್ಕಕ್ಕೆ ವಜಾ ಹಾಕಿಕೊಳ್ಳಲು ಮಾಲೀಕನಿಗೆ ಅವಕಾಶವಿಲ್ಲ. ನನ್ನ ಒಂದೂವರೆ ಲಕ್ಷದಲ್ಲಿ ಎಪ್ಪತ್ತೈದು ಸಾವಿರ ಅಲ್ಲಿಗೇ ಆವಿಯಾಯಿತು. ಸಾವು ಸಂಭವಿಸಿದ್ದರೆ ಇನ್ನೂ ಕಠಿಣ: ಆಯುಕ್ತರಲ್ಲಿ ಠೇವಣಿ ಇಡದೆ ನೇರವಾಗಿ ಕುಟುಂಬಕ್ಕೆ ಕೊಟ್ಟ ಹಣವನ್ನು ಕಾನೂನು ಪರಿಹಾರವೆಂದೇ ಎಣಿಸುವುದಿಲ್ಲ. ಗರಿಷ್ಠ ಮೂರು ತಿಂಗಳ ಸಂಬಳದಷ್ಟನ್ನು ಮುಂಗಡವಾಗಿ ಕೊಡಬಹುದು, ಅಷ್ಟೆ. ಮನೆಯ ಮುಂದೆ ಶವ ಇಟ್ಟುಕೊಂಡು ಕೂತವರ ಎದುರು ಈ ಸೆಕ್ಷನ್ ಹೇಳುವ ಧೈರ್ಯ ಯಾವ ಗುತ್ತಿಗೆದಾರನಿಗೂ ಇರುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಹಾಗೆ ಕೊಟ್ಟದ್ದು ಕಾನೂನಿನ ಕಣ್ಣಿಗೆ ಬರಿಯ ದಾನವೆಂಬುದನ್ನು ತಿಳಿದುಕೊಂಡೇ ಕೊಡಬೇಕು.

ಲೆಕ್ಕ ಹಾಕುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾವಿಗೆ ತಿಂಗಳ ಸಂಬಳದ ಶೇಕಡ 50, ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಶೇಕಡ 60. ಅದನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಶದಿಂದ ಗುಣಿಸಬೇಕು. ಇಪ್ಪತ್ತೈದು ವರ್ಷಕ್ಕೆ ಆ ಅಂಶ 216.91, ನಲವತ್ತಕ್ಕೆ 184.17, ಎಳೆಯ ವಯಸ್ಸಿಗೆ ಹೆಚ್ಚು, ಏಕೆಂದರೆ ದುಡಿಯಬೇಕಾಗಿದ್ದ ವರ್ಷಗಳು ಹೆಚ್ಚು. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮಿತಿ 2010ರಿಂದ 8,000 ಇದ್ದದ್ದು 2020ರ ಜನವರಿ 3ರಿಂದ 15,000 ಆಯಿತು. ನಮ್ಮ ಹುಡುಗನ ದಿನದ 700ನ್ನು ತಿಂಗಳಿಗೆ 26 ದಿನದಂತೆ ಎಣಿಸಿದರೆ 18,200 ಬರುತ್ತದೆ, ಆದ್ದರಿಂದ 15,000ವನ್ನೇ ಹಿಡಿದರು. ಅದರ ಶೇಕಡ 60 ಎಂದರೆ 9,000; ಅದನ್ನು 216.91ರಿಂದ ಗುಣಿಸಿದರೆ 19,52,190. ಹೆಬ್ಬೆರಳು ಹೋದರೆ ಶೇಕಡ 30ರಷ್ಟು ದುಡಿಮೆಯ ಶಕ್ತಿ ಹೋದಂತೆ ಎಂದು ಕಾಯ್ದೆಯ ಅನುಸೂಚಿಯಲ್ಲಿದೆ. ಹಾಗಾಗಿ 5,85,657 ರೂಪಾಯಿ. ಆಸ್ಪತ್ರೆಯ ಖರ್ಚನ್ನು ಮಾಲೀಕನೇ ಭರಿಸಬೇಕು. ಅದು ಪರಿಹಾರದ ಭಾಗವಲ್ಲ.

ಅವನ ವಕೀಲರು ಇಷ್ಟಕ್ಕೆ ಸುಮ್ಮನಾಗಲಿಲ್ಲ. ಸುಪ್ರೀಂ ಕೋರ್ಟಿನ 1975ರ ಒಂದು ತೀರ್ಪನ್ನು ಮುಂದಿಟ್ಟರು. ಸಿನಿಮಾ ಮಂದಿರವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯ ಪ್ರಕರಣವದು. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲವಾದ್ದರಿಂದ, ಅನುಸೂಚಿಯ ಶೇಕಡಾವಾರು ಏನೇ ಇರಲಿ, ಅವನ ಮಟ್ಟಿಗೆ ಅದು ನೂರಕ್ಕೆ ನೂರು ನಷ್ಟ ಎಂದು ನ್ಯಾಯಾಲಯ ಒಪ್ಪಿತ್ತು. ಬಲಗೈ ಹೆಬ್ಬೆರಳಿಲ್ಲದೆ ಇಕ್ಕಳ ಹಿಡಿಯುವುದು ಹೇಗೆ ಎಂದು ಅವರು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಕೊನೆಗೆ ಶೇಕಡ 30ಕ್ಕೇ ನಿಂತಿತು, ಆದರೆ ಅದೇ ತೀರ್ಪಿನ ಇನ್ನೊಂದು ಭಾಗ ನನ್ನ ಕುತ್ತಿಗೆಗೆ ಬಂತು: ಪರಿಹಾರ ಸಲ್ಲಬೇಕಾದದ್ದು ಆದೇಶವಾದ ದಿನದಿಂದಲ್ಲ, ಗಾಯವಾದ ದಿನದಿಂದಲೇ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12ರ ಬಡ್ಡಿ, ಅಂದರೆ ನನ್ನ ಪ್ರಕರಣದಲ್ಲಿ ವರ್ಷಕ್ಕೆ ಎಪ್ಪತ್ತು ಸಾವಿರ. ಸಕಾರಣವಿಲ್ಲದೆ ತಡಮಾಡಿದರೆ ಮೂಲಧನದ ಅರ್ಧದವರೆಗೆ ದಂಡವೂ ಉಂಟು. ದಂಡ ಮಾತ್ರ ಹೇಗೋ ತಪ್ಪಿತು.

ನನ್ನ ಕಡೆಯಿಂದ ಎರಡು ವಾದಗಳಿದ್ದವು. ಅವನು ಎರಡೇ ದಿನಕ್ಕೆ ಬಂದವನು, ನನ್ನ ನೌಕರನಲ್ಲ ಎಂಬುದು ಮೊದಲನೆಯದು. ಬಿಡಿ ಕೂಲಿಗೆ ಬಂದವರನ್ನು ಹೊರಗಿಡುವ ಮಾತನ್ನು 2000ದ ತಿದ್ದುಪಡಿಯಲ್ಲೇ ಕಾಯ್ದೆಯಿಂದ ತೆಗೆದುಹಾಕಲಾಗಿದೆ. ಮತ್ತೊಬ್ಬರ ನೌಕರನನ್ನು ತಾತ್ಕಾಲಿಕವಾಗಿ ಎರವಲು ಪಡೆದವನೇ ಆ ಹೊತ್ತಿನ ಮಾಲೀಕ ಎಂದೂ ಅದರಲ್ಲಿ ಬರೆದಿದೆ. ನಾನು ಕಂಬ ಹತ್ತು ಎಂದು ಹೇಳಿರಲಿಲ್ಲ ಎಂಬುದು ಎರಡನೆಯದು. ಹತ್ತಬೇಡ ಎಂದು ಸ್ಪಷ್ಟವಾಗಿ ಹೇಳಿದ್ದಿರಾ ಎಂದು ವಿಚಾರಣೆಯಲ್ಲಿ ಕೇಳಿದರು. ಹೇಳಿರಲಿಲ್ಲ.

ಇನ್ನು ವಿಮಾ ಕಂಪನಿ. ವಕೀಲರ ಒತ್ತಾಯಕ್ಕೆ ಕೊನೆಗೂ ಕ್ಲೇಮ್ ಹಾಕಿದೆ. ಅವರ ಉತ್ತರ ಒಂದೇ ಪುಟದ್ದು. ತಿಳಿಸಿದ್ದು ತಡ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಂಡು ಹಣ ಕೊಟ್ಟದ್ದು ಷರತ್ತಿನ ಉಲ್ಲಂಘನೆ, ಗಾಯಗೊಂಡವನು ಘೋಷಿಸಿದ ಆರು ಜನರಲ್ಲಿ ಇಲ್ಲ. ಆ ದಿನಗಳಲ್ಲಿ ಅವರನ್ನು ಬಾಯಿತುಂಬ ಬೈದಿದ್ದೇನೆ. ಈಗ ಆ ಪುಟವನ್ನು ಓದಿದರೆ ಅದರಲ್ಲಿ ಒಂದೂ ಸುಳ್ಳಿಲ್ಲ. ಅಪಘಾತವಾದ ಸಂಜೆಯೇ ಒಂದು ಇಮೇಲ್ ಹಾಕಿದ್ದರೆ, ಜಗುಲಿಯ ಮೇಲಿನ ಮಾತುಕತೆಗೆ ಮುನ್ನ ಅವರನ್ನೊಮ್ಮೆ ಕೇಳಿದ್ದರೆ, ಮೂರರಲ್ಲಿ ಎರಡು ಕಾರಣಗಳು ಇರುತ್ತಲೇ ಇರಲಿಲ್ಲ. ಮೂರನೆಯದಕ್ಕೆ ನಾನು ಉಳಿಸಿಕೊಂಡದ್ದು ಒಬ್ಬ ಸಹಾಯಕನ ವರ್ಷದ ಸಂಬಳದ ಮೇಲಿನ ಪ್ರೀಮಿಯಂ. ಅಂದರೆ ಒಂದು ಸಲ ಪಿಕಪ್ ಗಾಡಿಯ ಟಯರ್ ಬದಲಾಯಿಸುವಷ್ಟು ಹಣ.

ಈ ಪಾಲಿಸಿಯ ಪ್ರೀಮಿಯಂ ನಿಂತಿರುವುದೇ ವರ್ಷಕ್ಕೆ ನಾವು ಕೊಡುವ ಒಟ್ಟು ಕೂಲಿಯ ಮೇಲೆ ಮತ್ತು ಕೆಲಸದ ಬಗೆಯ ಮೇಲೆ. ವರ್ಷದ ಆರಂಭದಲ್ಲಿ ಅಂದಾಜು ಹೇಳಿ, ಕೊನೆಯಲ್ಲಿ ನಿಜವಾಗಿ ಕೊಟ್ಟ ಕೂಲಿಯ ಲೆಕ್ಕ ಕೊಟ್ಟು ಸರಿಹೊಂದಿಸಿಕೊಳ್ಳುವ ಏರ್ಪಾಡು ಅದರಲ್ಲೇ ಇರುತ್ತದೆ. ಹಾಗಾಗಿ ಜನ ಹೆಚ್ಚಾದರೆ ಹೆದರಬೇಕಾದ್ದಿಲ್ಲ. ಆದರೆ ಒಳಾಂಗಣ ವೈರಿಂಗ್ ಎಂದು ಬರೆಸಿ ಹೆಚ್ಚು ವೋಲ್ಟೇಜಿನ ಎಚ್‌ಟಿ ಲೈನಿನ ಮೇಲೆ ಕೆಲಸ ಮಾಡಿಸಿದರೆ, ಜನರ ಎಣಿಕೆ ಸರಿಯಿದ್ದೂ ಪಾಲಿಸಿ ಕೈಕೊಡಬಹುದು. ಗುಂಡಿ ತೋಡಲು, ಕಂಬ ನಿಲ್ಲಿಸಲು ನಾವು ಒಳಗುತ್ತಿಗೆ ಕೊಟ್ಟ ಮೇಸ್ತ್ರಿಯ ಆಳುಗಳು ಬೇರೆ ಸಾಲಿನಲ್ಲಿ ಬರಬೇಕು, ಆಸ್ಪತ್ರೆ ಖರ್ಚು ಬೇರೆ ಸಾಲಿನಲ್ಲಿ. ಮೇಸ್ತ್ರಿಯ ಆಳಿಗೆ ಏಟಾದರೆ ಮೇಸ್ತ್ರಿ ನೋಡಿಕೊಳ್ಳುತ್ತಾನೆ ಎಂಬುದು ನಮ್ಮ ನಮ್ಮಲ್ಲಿನ ಮಾತು. ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಆಳು ನೇರವಾಗಿ ಮೇಲಿನವನನ್ನೇ ಕೇಳಬಹುದು. ಕೊಟ್ಟ ಹಣವನ್ನು ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಮಗಿದೆ, ಅವನ ಬಳಿ ಇದ್ದರೆ. ನಮಗೆ ಕೆಲಸ ಕೊಟ್ಟವರು ಟೆಂಡರಿನಲ್ಲಿ ಈ ಪಾಲಿಸಿಯನ್ನು ಕೇಳುವುದೂ ಇದೇ ಕಾರಣಕ್ಕೆ. ಅವರು ಕೇಳುತ್ತಿರುವುದು ನಮ್ಮ ಹಿತಕ್ಕಲ್ಲ.

ಹುಡುಗರಿಗೆಲ್ಲ ಬ್ಯಾಂಕಿನ 20 ರೂಪಾಯಿಯ ಸುರಕ್ಷಾ ವಿಮೆ ಮಾಡಿಸಿದ್ದೇನೆ, ಅದೇ ಸಾಕು ಎನ್ನುವವರು ಬಹಳ ಜನ. ಮಾಡಿಸುವುದು ಒಳ್ಳೆಯದೇ. ಆದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ ಸಿಗುವುದು ಎರಡು ಲಕ್ಷ, ಒಂದು ಕೈ ಅಥವಾ ಒಂದು ಕಣ್ಣು ಪೂರ್ತಿ ಹೋದರೆ ಒಂದು ಲಕ್ಷ. ಹೆಬ್ಬೆರಳಿಗೆ ಅದರಲ್ಲಿ ಜಾಗವಿಲ್ಲ. ಅದು ಅವನ ವಿಮೆ, ಅವನಿಗೆ ಸಿಗುವ ಹಣ. ನನ್ನ ಮೇಲಿರುವ ಕಾನೂನಿನ ಹೊಣೆಯನ್ನು ಅದು ಒಂದು ರೂಪಾಯಿಯಷ್ಟೂ ಇಳಿಸುವುದಿಲ್ಲ. ಗುಂಪು ಅಪಘಾತ ವಿಮೆಯದೂ ಇದೇ ಕಥೆ. ಹತ್ತು ಅಥವಾ ಹೆಚ್ಚು ಜನರಿದ್ದು ನೌಕರರ ರಾಜ್ಯ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬಂದವರ ಸ್ಥಿತಿ ಬೇರೆ: 21,000 ರೂಪಾಯಿವರೆಗಿನ ಸಂಬಳದವರಿಗೆ ಅಲ್ಲಿಂದಲೇ ಚಿಕಿತ್ಸೆ ಮತ್ತು ಪಿಂಚಣಿ ಬರುತ್ತದೆ, ಅವರು ಮತ್ತೆ ಪರಿಹಾರ ಕಾಯ್ದೆಯಡಿ ಕೇಳುವಂತಿಲ್ಲ. ಅದಕ್ಕಿಂತ ಕಡಿಮೆ ಜನರನ್ನಿಟ್ಟುಕೊಂಡ ನಮ್ಮಂಥವರು ಆ ಗೆರೆಯ ಈಚೆಗೇ ಉಳಿಯುತ್ತೇವೆ.

ಆಳುಗಳ ವಿಮೆಯ ಮಾತೇ ಇಷ್ಟಾಯಿತು, ಏಕೆಂದರೆ ನನ್ನ ಕೈ ಸುಟ್ಟದ್ದು ಅಲ್ಲೇ. ಸಾಮಾನಿನ ವಿಮೆಯಲ್ಲಿ ನಾವು ಸಾಮಾನ್ಯವಾಗಿ ಇನ್ನೂ ಸ್ವಲ್ಪ ಎಚ್ಚರವಾಗಿರುತ್ತೇವೆ. ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ಡ್ರಮ್ಮುಗಳ ಬೆಲೆ ಕಣ್ಣಿಗೆ ಕಾಣುತ್ತದಲ್ಲ. ಅಲ್ಲಿ ನಡೆಯುವ ತಪ್ಪು ಮೊತ್ತದ್ದು. ಯಂತ್ರ, ಸಾಮಾನು ಅಳವಡಿಸುವಾಗಿನ ಹಾನಿಗೆ ಮಾಡಿಸುವ ಎರೆಕ್ಷನ್ ಆಲ್ ರಿಸ್ಕ್ ಪಾಲಿಸಿಯಲ್ಲಿ, ಕೆಲಸ ಪೂರ್ತಿಯಾದಾಗ ಆಗುವ ಸಂಪೂರ್ಣ ಬೆಲೆಯನ್ನು, ಇಲಾಖೆ ಅಥವಾ ಮಾಲೀಕರು ಒದಗಿಸಿದ ಸಾಮಾನೂ ಸೇರಿದಂತೆ, ಬರೆಸಬೇಕು. 40 ಲಕ್ಷದ ಕೆಲಸಕ್ಕೆ 20 ಲಕ್ಷ ಬರೆಸಿ, 4 ಲಕ್ಷದ ಪ್ಯಾನೆಲ್ ಮಳೆನೀರಿಗೆ ಹಾಳಾದರೆ ಸಿಗುವುದು 2 ಲಕ್ಷ, ಅದರಲ್ಲೂ ನಾವು ಹೊರಬೇಕಾದ ಆರಂಭಿಕ ಭಾಗವನ್ನು ಕಳೆದು. ವಿಮೆ ಮಾಡಿಸಿದ ಮೊತ್ತಕ್ಕಿಂತ ನಷ್ಟ ಕಡಿಮೆಯಿದೆಯಲ್ಲ, ಪೂರ್ತಿ ಕೊಡಲಿ ಎಂಬ ವಾದ ನಡೆಯುವುದಿಲ್ಲ.

ಭೂಗತ ಕೇಬಲ್ ಎಳೆಯುವವರು ಇದೇ ಪಾಲಿಸಿಯ ಮೂರನೆಯವರ ಹಾನಿಯ ಭಾಗವನ್ನು ನಿಧಾನವಾಗಿ ಓದಬೇಕು. ಬೆಂಗಳೂರಿನ ಬಡಾವಣೆಗಳಲ್ಲಿ ರಸ್ತೆಯ ಅಡಿಯಲ್ಲಿ ಯಂತ್ರ ತೂರಿಸುವಾಗ ನೀರಿನ ಪೈಪೋ ಇಂಟರ್ನೆಟ್ ಕೇಬಲ್ಲೋ ತುಂಡಾಗುವುದು ನಿತ್ಯದ ಮಾತು. ಅಗೆಯುವ ಮೊದಲೇ ಸಂಬಂಧಪಟ್ಟ ಕಚೇರಿಗಳಲ್ಲಿ ಕೊಳವೆ ಮತ್ತು ಕೇಬಲ್‌ಗಳ ಜಾಗ ವಿಚಾರಿಸಿದ್ದರೆ ಮಾತ್ರ ಪರಿಹಾರ, ಅದೂ ದುರಸ್ತಿಯ ಖರ್ಚಿಗಷ್ಟೇ, ಅವರ ಸೇವೆ ನಿಂತದ್ದರಿಂದಾದ ನಷ್ಟಕ್ಕಲ್ಲ ಎಂಬ ಷರತ್ತು ಅದಕ್ಕೆ ಹೆಚ್ಚಾಗಿ ಅಂಟಿಕೊಂಡಿರುತ್ತದೆ. ವಿಚಾರಿಸಿದ ಪತ್ರಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಟ್ಟುಕೊಳ್ಳುವುದಕ್ಕೆ ಅರ್ಧ ದಿನ ಹೋಗುತ್ತದೆ. ಹೋಗಲಿ.

ಮನೆ ವೈರಿಂಗ್ ಮಾಡಿ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿಕೊಟ್ಟ ವರ್ಷದ ಮೇಲೆ ಅಲ್ಲಿ ಬೆಂಕಿ ಬಿದ್ದರೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಕೆಲಸ ನಡೆಯುವಾಗಿನ ಹಾನಿಗೆಂದು ಮಾಡಿಸಿದ ಪಾಲಿಸಿ ಕೆಲಸ ಒಪ್ಪಿಸಿದ ದಿನಕ್ಕೇ ಮುಗಿಯುತ್ತದೆ. ಒಪ್ಪಿಸಿದ ನಂತರದ ಹೊಣೆಗೆ ಬೇರೆಯವರಿಗಾದ ಹಾನಿಯ ಹೊಣೆ ಹೊರುವ ಕಮರ್ಷಿಯಲ್ ಜನರಲ್ ಲಯಬಿಲಿಟಿ ಪಾಲಿಸಿಯಲ್ಲಿ ಅದನ್ನು ಹೆಸರಿಸಿ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿಕೊಂಡರೂ, ನಮ್ಮ ಕೆಟ್ಟ ಕೆಲಸವನ್ನು ಸರಿಪಡಿಸುವ ಖರ್ಚು ನಮ್ಮದೇ. ಅದರಿಂದ ಸುಟ್ಟ ಬೇರೆಯವರ ಸೊತ್ತು, ಅವರಿಗಾದ ಗಾಯ ಮಾತ್ರ ವಿಮೆಯದು. ನನಗೆ ಇದು ನ್ಯಾಯವೆಂದೇ ತೋರುತ್ತದೆ. ಅಂಗಡಿ ಮತ್ತು ಗೋದಾಮಿಗೆ 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಅಗ್ನಿ ವಿಮಾ ಪಾಲಿಸಿ ಸಾಕಾಗುತ್ತದೆ, ಕಳವಿಗೆ ಬೇರೆಯೇ ಬೇಕು. ಅದೂ ಬೀಗ ಒಡೆದ ಗುರುತಿದ್ದರೆ. ಬಯಲಲ್ಲಿಟ್ಟ ತಾಮ್ರದ ಸುರುಳಿ ಬೆಳಗಾಗುವಷ್ಟರಲ್ಲಿ ಮಾಯವಾದರೆ ಅದಕ್ಕೆ ಆ ಪಾಲಿಸಿ ಅಲ್ಲ.

2025ರ ನವೆಂಬರ್ 21ರಿಂದ ಹಳೆಯ ಪರಿಹಾರ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಶೇಕಡ 50, ಶೇಕಡ 60, ವಯಸ್ಸಿನ ಅಂಶ, ಗಾಯಗಳ ಪಟ್ಟಿ, ಈ ಚೌಕಟ್ಟು ಅಲ್ಲಿಯೂ ಹಾಗೆಯೇ ಇದೆ. ಮನೆಯಿಂದ ಕೆಲಸದ ಜಾಗಕ್ಕೆ ಬರುವ ದಾರಿಯಲ್ಲಾದ ಅಪಘಾತವೂ, ಕೆಲಸದೊಂದಿಗೆ ಅದರ ನಂಟು ತೋರಿದರೆ, ಕೆಲಸದ ಅಪಘಾತವೇ ಎಂಬ ಮಾತು ಈಗ ಸೇರಿದೆ. ಪಿಕಪ್ಪಿನ ಹಿಂದೆ ಏಣಿಯ ಮೇಲೆ ಹುಡುಗರನ್ನು ಕೂರಿಸಿಕೊಂಡು ಹೋಗುವ ನಾವು ಇದನ್ನು ಏಜೆಂಟರ ಹತ್ತಿರ ಕೇಳಿ ಪಾಲಿಸಿಯ ಪದಗಳಲ್ಲಿ ಖಚಿತಪಡಿಸಿಕೊಳ್ಳಬೇಕು. ಕ್ಲೇಮ್ ತಿರಸ್ಕರಿಸಿದ್ದು ಅನ್ಯಾಯವೆನಿಸಿದರೆ, ಒಬ್ಬರೇ ಮಾಲೀಕರಾಗಿರುವ ಸಣ್ಣ ಗುತ್ತಿಗೆದಾರರೂ ಅತಿಸಣ್ಣ ಉದ್ಯಮಗಳೂ ವಿಮೆಯ ತಕರಾರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ. ನಾನು ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಏನಿತ್ತು?

ಒಟ್ಟು ಹಣ ಕಟ್ಟಲು ಪಟ್ಟಣದ ಅಂಚಿನಲ್ಲಿದ್ದ ಒಂದು ನಿವೇಶನವನ್ನು ಮಾರಿದೆ. ಆ ಹುಡುಗ ಈಗ ಅವನ ಊರಿನಲ್ಲೇ ಪಂಪ್ ಮೋಟಾರ್ ಅಂಗಡಿಯೊಂದರ ಗಲ್ಲಾದಲ್ಲಿ ಕೂರುತ್ತಾನೆ. ಸಿಕ್ಕಾಗ ಮಾತಾಡುತ್ತಾನೆ, ನಾನೇ ಮೊದಲು ಬೇರೆ ಕಡೆ ನೋಡುತ್ತೇನೆ. ಅರ್ಥಿಂಗ್ ಸರಪಳಿ ಈಗ ಗಾಡಿಯಲ್ಲಿ ಡ್ರೈವರಿನ ಪಕ್ಕದ ಕೊಕ್ಕೆಗೆ ನೇತಾಡುತ್ತದೆ, ತಿರುವಿನಲ್ಲೆಲ್ಲ ಬಾಗಿಲಿಗೆ ಬಡಿದು ಸದ್ದು ಮಾಡುತ್ತದೆ. ಪಾಲಿಸಿಯ ನವೀಕರಣ ಮುಂದಿನ ತಿಂಗಳು. ಚೆಕ್ ವಾಪಸಾದರೆ ಪಾಲಿಸಿಯೇ ಇಲ್ಲದಂತೆ. ಪ್ರೀಮಿಯಂ ಮುಂಚಿತವಾಗಿ ಕೈಸೇರದೆ ಹೊಣೆ ಹೊರಬಾರದೆಂದು 1938ರ ವಿಮಾ ಕಾಯ್ದೆಯಲ್ಲೇ ಇದೆ. ಹಾಗಾಗಿ ಖಾತೆಯಿಂದ ನೇರವಾಗಿ ಕಟ್ಟುತ್ತೇನೆ. ಏಜೆಂಟರು ಮೊನ್ನೆ ಫೋನ್ ಮಾಡಿ, ಎಂದಿನಂತೆ ಆರೇ ತಾನೆ ಸಾರ್ ಎಂದರು. ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಓದಿ ಬರೆಸಿದೆ: ವೈರ್‌ಮನ್ ಐವರು, ಸಹಾಯಕರು ಮೂವರು, ಗುಂಡಿ ತೋಡುವ ಮೇಸ್ತ್ರಿಯ ಕಡೆಯವರು ನಾಲ್ವರು, ಸುಗ್ಗಿಯ ನಂತರ ಎರವಲು ಬರುವವರು ಇಬ್ಬರು.